ಇರುವ ಸಿದ್ಧತೆ, ಹೊರಡುವ ಸಿದ್ಧತೆ

ಮೇ ತಿಂಗಳ ಕೊನೆಯ ವಾರ, ಪಂಚಾಂಗದ ಲೆಕ್ಕದಲ್ಲಿ ರೋಹಿಣಿ ಮಳೆ ಹುಟ್ಟುವ ಹೊತ್ತಿಗೆ, ನಾನು ಒಂದು ನೀಲಿ ಬಣ್ಣದ ಬ್ಯಾಗನ್ನು ಕಪಾಟಿನಿಂದ ಇಳಿಸಿ ಮಂಚದ ಮೇಲೆ ಸುರಿದುಕೊಂಡು ಕೂರುತ್ತೇನೆ. ಹೋದ ವರ್ಷ ಯಾವುದೋ ಗಡಿಬಿಡಿಯಲ್ಲಿ ಆ ಕೆಲಸ ತಪ್ಪಿಹೋಗಿತ್ತು. ಈ ವರ್ಷ ಸುರಿದಾಗ ಮೊದಲು ಕೈಗೆ ಬಂದದ್ದು ಮಗಳದೊಂದು ಫ್ರಾಕು. ಅವಳನ್ನು ಕರೆದು ಮೈಗೆ ಹಿಡಿದು ನೋಡಿದರೆ ಅದರ ಅಂಚು ಮಂಡಿಯಿಂದ ಒಂದು ಗೇಣು ಮೇಲೆ ನಿಂತಿತು. ಈಗ ಅವಳಿಗೆ ಹತ್ತು ವರ್ಷ; ಬ್ಯಾಗಿನೊಳಗಿನ ಮಗಳು ಎಂಟರಲ್ಲೇ ಉಳಿದುಬಿಟ್ಟಿದ್ದಳು. ಅದರ ಕೆಳಗಿದ್ದ ಟಾರ್ಚಿನ ಸೆಲ್ಲುಗಳು ಸೋರಿ, ಸ್ಪ್ರಿಂಗಿನ ಸುತ್ತ ಸುಣ್ಣದಂಥ ಬಿಳಿಯ ಪುಡಿ ಗಟ್ಟಿಯಾಗಿ ಕೂತಿತ್ತು. ಅತ್ತೆಯವರ ಮಾತ್ರೆಗಳ ಚೀಟಿ ಹಳೆಯದಾಗಿತ್ತು. ಅದರಲ್ಲಿದ್ದ ಎರಡು ಮಾತ್ರೆಗಳನ್ನು ವೈದ್ಯರು ನಿಲ್ಲಿಸಿ ಒಂದು ವರ್ಷ ಕಳೆದಿತ್ತು. ಎರಡು ವರ್ಷಗಳ ಕಾಲ ನಾನು ನೆಮ್ಮದಿಯಿಂದ ಮಲಗಿದ್ದು ಈ ಬ್ಯಾಗನ್ನು ನಂಬಿಕೊಂಡು. ಆ ಎರಡು ವರ್ಷಗಳಲ್ಲಿ ಯಾವುದಾದರೊಂದು ರಾತ್ರಿ ಇದನ್ನು ಹೆಗಲಿಗೇರಿಸಿ ಹೊರಟಿದ್ದರೆ, ನಾನು ಹೊತ್ತುಕೊಂಡು ಹೋಗುತ್ತಿದ್ದುದು ಈಗ ಇಲ್ಲದ ಒಂದು ಕುಟುಂಬದ ಸಾಮಾನನ್ನು.

ತುರ್ತು ಸಂದರ್ಭಕ್ಕೆಂದು ಕಟ್ಟಿಡುವ ಬ್ಯಾಗಿನ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಬರೆಯಲು ಹೊರಟಾಗಲೆಲ್ಲ ಅದೊಂದು ಪಟ್ಟಿಯಾಗಿ ಬಿಡುತ್ತಿತ್ತು. ಪಟ್ಟಿಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ನನ್ನನ್ನು ಕಾಡುವುದು ಬೇರೆ ವಿಷಯ. ನಮ್ಮ ಮನೆಗಳಲ್ಲಿ ಕಷ್ಟಕಾಲಕ್ಕೆ ಸಾಮಾನು ಕೂಡಿಡುವ ಬುದ್ಧಿ ತಲೆತಲಾಂತರದಿಂದ ಇದೆ. ಆದರೆ ಆ ಬುದ್ಧಿಯೆಲ್ಲ ಮನೆಯೊಳಗೆ ಉಳಿಯುವುದಕ್ಕೆ ಸಂಬಂಧಿಸಿದ್ದು. ಮನೆ ಬಿಟ್ಟು ಹೊರಡುವುದಕ್ಕೆ ಸಂಬಂಧಿಸಿದ್ದಲ್ಲ. ಇವೆರಡೂ ಬೇರೆ ಬೇರೆ ವಿದ್ಯೆಗಳೆಂಬುದು ನನಗೆ ಎರಡು ಮಳೆಗಾಲಗಳಲ್ಲಿ ತಿಳಿಯಿತು.

ಅಟ್ಟ ತುಂಬಿದ ಮನೆ

ನನ್ನ ಚಿಕ್ಕಪ್ಪನ ಮನೆ ಇದ್ದದ್ದು ಮೂಡಿಗೆರೆ ತಾಲ್ಲೂಕಿನಲ್ಲಿ, ಕೊಟ್ಟಿಗೆಹಾರದಿಂದ ಒಳಗೆ, ಗುಡ್ಡದ ಬುಡದಲ್ಲಿ. ಮಲೆನಾಡಿನವರಿಗೆ ಮಳೆಗಾಲದ ತಯಾರಿಯ ಬಗ್ಗೆ ನಾನು ಹೇಳಬೇಕಾದದ್ದೇನೂ ಇಲ್ಲ. ಏಪ್ರಿಲ್‌ನಲ್ಲಿ ಹಲಸಿನ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ. ಮೇ ತಿಂಗಳಲ್ಲಿ ಕಟ್ಟಿಗೆ ಒಡೆದು ಕೊಟ್ಟಿಗೆಯ ಪಕ್ಕದ ಮಾಡಿನಡಿ ಪೇರಿಸುವುದು, ದನಗಳ ಹಾಸಿಗೆಗೆ ದರಗು ಗುಡಿಸಿ ತರುವುದು, ಅಕ್ಕಿ ಬೇಳೆಯ ಮೂಟೆಗಳನ್ನು ಅಟ್ಟಕ್ಕೆ ಏರಿಸುವುದು. ಚಿಕ್ಕಮ್ಮ ಬೆಂಕಿಪೊಟ್ಟಣಗಳನ್ನು ಸಹ ಹಳೆಯ ಹಾರ್ಲಿಕ್ಸ್ ಸೀಸೆಯಲ್ಲಿ ಹಾಕಿ, ಬಚ್ಚಲ ಒಲೆಯ ಹತ್ತಿರ ಬೆಚ್ಚಗಿನ ಜಾಗದಲ್ಲಿಡುತ್ತಿದ್ದರು. ಮೂರು ತಿಂಗಳು ಪೇಟೆಯ ಮುಖ ನೋಡದೆ, ಕರೆಂಟಿಲ್ಲದೆ, ರಸ್ತೆಯ ಮೇಲೆ ಮರ ಬಿದ್ದರೂ ಲೆಕ್ಕಿಸದೆ ಬದುಕಬಲ್ಲ ಮನೆ ಅದು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದರಷ್ಟು ಸನ್ನದ್ಧವಾದ ಮನೆಯನ್ನು ನಾನು ಬೇರೆಲ್ಲೂ ನೋಡಿಲ್ಲ.

2019ರ ಆಗಸ್ಟ್‌ನ ಆಶ್ಲೇಷಾ ಮಳೆಯಲ್ಲಿ ಚಾರ್ಮಾಡಿ ಘಾಟಿ ಹಲವು ಕಡೆ ಕುಸಿದು ಸಂಚಾರ ನಿಂತದ್ದು, ಮಲೆಮನೆ, ಮಧುಗುಂಡಿಯ ಸುತ್ತಮುತ್ತ ಗುಡ್ಡಗಳು ಜಾರಿ ಮನೆ ತೋಟಗಳ ಮೇಲೆ ಬಂದದ್ದು ಓದುಗರಿಗೆ ನೆನಪಿರಬಹುದು. ಚಿಕ್ಕಪ್ಪನ ಮನೆಯ ಹಿಂದಿನ ಧರೆಯಲ್ಲಿ ಎಂದೂ ಇಲ್ಲದ ಜಾಗದಲ್ಲಿ ಕೆಂಪು ನೀರು ಒಸರತೊಡಗಿದ್ದು ಸಂಜೆ ಹಾಲು ಕರೆಯುವ ಹೊತ್ತಿಗೆ. ಪಕ್ಕದ ತೋಟದ ಹುಡುಗ ಓಡಿ ಬಂದು ಮೇಲಿನ ಮನೆಯವರೆಲ್ಲ ಹೊರಟರು, ನೀವೂ ಹೊರಡಿ ಎಂದ. ಗುಡ್ಡದೊಳಗಿನಿಂದ ಲಾರಿ ಬಂದಂಥ ಸದ್ದು ಅಷ್ಟು ಹೊತ್ತಿಗೆ ಎರಡು ಸಲ ಕೇಳಿತ್ತಂತೆ. ಅವರಿಗೆ ಸಿಕ್ಕಿದ್ದು ಹೆಚ್ಚೆಂದರೆ ಹತ್ತು ನಿಮಿಷ. ಚಿಕ್ಕಪ್ಪ ದನ ಬಿಡಿಸಲು ಕೊಟ್ಟಿಗೆಗೆ ಓಡಿದರು. ಚಿಕ್ಕಮ್ಮ ಕೈಯಲ್ಲಿದ್ದ ಹಾಲಿನ ಕ್ಯಾನನ್ನು ಕೆಳಗಿಡಲು ಮರೆತು ಹಾಗೆಯೇ ಹೊರಟರು. ಮೂರು ತಿಂಗಳ ದಿನಸಿ ಇದ್ದ ಮನೆಯಿಂದ ಅವರು ಹೊರಗೆ ತಂದದ್ದು ಸುಮಾರು ಮೂರು ಲೀಟರ್ ಹಾಲು. ಶಾಲೆಯೊಂದರಲ್ಲಿ ತೆರೆದಿದ್ದ ಪರಿಹಾರ ಕೇಂದ್ರವನ್ನು ರಾತ್ರಿ ಒಂಬತ್ತಕ್ಕೆ ತಲುಪಿದಾಗ ಅಲ್ಲಿದ್ದ ಮಕ್ಕಳಿಗೆ ಆ ಹಾಲು ಉಪಯೋಗಕ್ಕೆ ಬಂತು ಎನ್ನುವುದನ್ನು ಚಿಕ್ಕಮ್ಮ ಇಂದಿಗೂ ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಾರೆ.

ಮರುದಿನ ಆ ಕೇಂದ್ರಕ್ಕೆ ವೈದ್ಯರು ಬಂದರು. ಚಿಕ್ಕಮ್ಮನಿಗೆ ರಕ್ತದೊತ್ತಡ, ಹನ್ನೆರಡು ವರ್ಷಗಳಿಂದ ಮಾತ್ರೆ ತಪ್ಪಿಸಿದವರಲ್ಲ. ಯಾವ ಮಾತ್ರೆ ಎಂದು ಕೇಳಿದಾಗ ಅವರು, "ಬೆಳಿಗ್ಗೆ ಬಿಳಿಯದು ಒಂದು ಚಿಕ್ಕದು, ರಾತ್ರಿ ಗುಲಾಬಿ ಬಣ್ಣದ್ದು ಅರ್ಧ" ಎಂದರಂತೆ. ಆ ಸಾಲಿನಲ್ಲಿ ನಿಂತಿದ್ದ ಹೆಚ್ಚಿನವರ ಉತ್ತರ ಅದೇ ಆಗಿತ್ತು. ಇನ್ನು ಫೋನಿನ ಕತೆ. ಅವರ ಮೊಬೈಲು ನೆನೆದು ಸತ್ತಿತ್ತು. ಯಾರೋ ತಮ್ಮ ಫೋನು ಕೊಟ್ಟು, ನಿಮ್ಮವರ ನಂಬರ್ ಹೇಳಿ ಎಂದರೆ, ಚಿಕ್ಕಮ್ಮನಿಗೆ ಬಾಯಿಪಾಠ ಇದ್ದದ್ದು ಒಂದೇ ನಂಬರು: ಶಿವಮೊಗ್ಗದಲ್ಲಿದ್ದ ನಮ್ಮ ಹಳೆಯ ಮನೆಯ ಲ್ಯಾಂಡ್‌ಲೈನು. ಅದನ್ನು ನಾವು ಕಡಿತ ಮಾಡಿಸಿ ಆರು ವರ್ಷವಾಗಿತ್ತು. ಎರಡು ದಿನ ನಾವು ಬೆಂಗಳೂರಿನಲ್ಲಿ ಟಿವಿಯ ಮುಂದೆ ಕೂತು, ಪರದೆಯಲ್ಲಿ ಸುಳಿಯುವ ಮುಖಗಳಲ್ಲಿ ಅವರ ಮುಖ ಹುಡುಕಿದೆವು. ಅಷ್ಟು ಹೊತ್ತೂ ಅವರು ಬೆಚ್ಚಗೆ, ಹೊಟ್ಟೆ ತುಂಬಿಸಿಕೊಂಡು, ನಮಗೆ ಫೋನ್ ಮಾಡಲಾಗದೆ ಕೂತಿದ್ದರು.

ವಾರದ ನಂತರ ನಾನು ಹೋಗಿ ನೋಡಿದಾಗ ಮನೆಯ ಹಿಂದಿನ ಅರ್ಧ ಮಣ್ಣಿನೊಳಗಿತ್ತು, ಮುಂದಿನ ಅರ್ಧ ನಿಂತಿತ್ತು. ಮಾತ್ರೆಯ ವಿಷಯ ಎತ್ತಿ ನಾನು ಚಿಕ್ಕಮ್ಮನಿಗೆ ಉಪದೇಶ ಮಾಡಲು ಹೊರಟೆ. ಅವರು ಸುಮ್ಮನೆ ಕೇಳಿಸಿಕೊಂಡು, "ಅಲ್ಲ ಮಾರಾಯ್ತಿ, ನಾನು ಓದಿದವಳಲ್ಲ. ನೀನು ಓದಿದವಳು. ನಿನ್ನ ಅತ್ತೆ ಯಾವ ಮಾತ್ರೆ ತಗೊಳ್ತಾರೆ ಹೇಳು ನೋಡೋಣ" ಎಂದರು. ಇನ್ಸುಲಿನ್ ಎಂದು ಗೊತ್ತಿತ್ತು. ಯಾವ ಇನ್ಸುಲಿನ್, ಎಷ್ಟು ಯುನಿಟ್, ಉಳಿದ ಮಾತ್ರೆಗಳು ಯಾವುವು, ಒಂದೂ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಬೆಂಗಳೂರಿಗೆ ಹಿಂದಿರುಗಿ, ಆ ನಾಚಿಕೆಯನ್ನು ಒಂದು ತಿಂಗಳೊಳಗೆ ಮರೆತೂ ಬಿಟ್ಟೆ.

ಹುಬ್ಬೆ ಮಳೆಯ ರಾತ್ರಿ

ಮೂರು ವರ್ಷದ ನಂತರ, 2022ರ ಸೆಪ್ಟೆಂಬರ್ 4ರ ಭಾನುವಾರ ರಾತ್ರಿ, ಸರ್ಜಾಪುರ ರಸ್ತೆಯ ಪಕ್ಕದ ನಮ್ಮ ಬಡಾವಣೆಗೆ ನೀರು ನುಗ್ಗಿತು. ಬೆಳ್ಳಂದೂರು, ಯಮಲೂರಿನ ದೋಣಿಗಳ ಚಿತ್ರವನ್ನು ಎಲ್ಲರೂ ನೋಡಿದ್ದೀರಿ, ಅದನ್ನು ಮತ್ತೆ ವರ್ಣಿಸುವುದಿಲ್ಲ. ನಮ್ಮದು ನೆಲ ಅಂತಸ್ತಿನ ಮನೆ. ಮೊದಲು ಬಚ್ಚಲ ಮೋರಿಯಿಂದ ನೀರು ಮೇಲಕ್ಕೆ ಬುಗ್ಗೆಯಂತೆ ಬಂತು. ಅದಕ್ಕೆ ಹಳೆಯ ಬಟ್ಟೆ ತುರುಕಿ ನಾನೂ ನನ್ನ ಗಂಡನೂ ಗೆದ್ದೆವೆಂದುಕೊಂಡು ಎದ್ದು ನಿಂತಾಗ ಮುಂಬಾಗಿಲ ಹೊಸ್ತಿಲು ದಾಟಿ ನೀರು ಒಳಗೆ ಹರಿಯುತ್ತಿತ್ತು. ಕರೆಂಟು ಹೋಯಿತು. ಬೆಳಗಿನ ಜಾವ ನೀರು ಮಂಡಿಯ ಮಟ್ಟಕ್ಕೆ ಬಂದಾಗ ಹೊರಡೋಣ ಎಂದು ತೀರ್ಮಾನವಾಯಿತು. ಟ್ರ್ಯಾಕ್ಟರ್ ಬಂದು ನಿಲ್ಲುವುದರೊಳಗೆ ನಾನು ಮೊಬೈಲಿನ ಬೆಳಕಿನಲ್ಲಿ ಒಂದು ಬ್ಯಾಗು ತುಂಬಿದೆ. ಬಹಳ ಯೋಚಿಸಿ, ಶಾಂತಚಿತ್ತದಿಂದ ತುಂಬುತ್ತಿದ್ದೇನೆ ಎಂದೇ ನನಗೆ ಆಗ ಅನ್ನಿಸಿತ್ತು.

ಜಯನಗರದ ನಾದಿನಿಯ ಮನೆಯಲ್ಲಿ ಆ ಬ್ಯಾಗನ್ನು ಬಿಚ್ಚಿದಾಗ ಅದರಲ್ಲಿದ್ದ ವಸ್ತುಗಳು ಇವು: ಎರಡು ಲ್ಯಾಪ್‌ಟಾಪು, ಎರಡಕ್ಕೂ ಹೊಂದದ ಒಂದು ಚಾರ್ಜರು, ಒಡವೆಯ ಡಬ್ಬಿ, ಮಗಳ ಶಾಲೆಯ ಏಳು ಪುಸ್ತಕ, ಒಂದು ರೇಷ್ಮೆ ಸೀರೆ, ಗಂಡನ ಎರಡು ಎಡಗಾಲಿನ ಕಾಲುಚೀಲ. (ಕಾಲುಚೀಲದಲ್ಲಿ ಎಡ ಬಲ ಇರುತ್ತದೆಯೇ ಎಂದು ಕೇಳಬೇಡಿ, ನನ್ನ ಗಂಡನವುಗಳಲ್ಲಿ ಇರುತ್ತದೆ, ಇಂಗ್ಲಿಷಿನಲ್ಲಿ ನೇಯ್ದಿರುತ್ತಾರೆ.) ಒಳ ಉಡುಪು ಒಂದೂ ಇರಲಿಲ್ಲ. ನನ್ನ ಕನ್ನಡಕ ಇರಲಿಲ್ಲ. ಅತ್ತೆಯವರ ಇನ್ಸುಲಿನ್ ಕರೆಂಟಿಲ್ಲದ ಫ್ರಿಜ್ಜಿನಲ್ಲಿ, ಮೊಟ್ಟೆಗಳ ಪಕ್ಕದಲ್ಲಿ ಉಳಿದಿತ್ತು. ಗಾಬರಿಯಲ್ಲಿರುವ ಮನುಷ್ಯ ಬೆಲೆಬಾಳುವುದನ್ನು ಎತ್ತಿಕೊಳ್ಳುತ್ತಾನೆ, ಬೇಕಾದದ್ದನ್ನಲ್ಲ. ಬೆಲೆ ಎನ್ನುವುದು ನೆನಪಿನಲ್ಲಿ ಸದಾ ಮೇಲ್ಗಡೆ ಇರುತ್ತದೆ. ಅಗತ್ಯ ದಿನವೂ ತಾನಾಗಿಯೇ ಪೂರೈಕೆಯಾಗುವುದರಿಂದ ಅದು ತಲೆಗೆ ಬರುವುದೇ ಇಲ್ಲ.

ಅಂದು ನಮ್ಮನ್ನು ಕಾಪಾಡಿದ್ದು ಅತ್ತೆಯವರ ಬಟ್ಟೆಯ ಕೈಚೀಲ. ಯಾವುದೋ ಮದುವೆಯಲ್ಲಿ ತಾಂಬೂಲ ಹಾಕಿ ಕೊಟ್ಟಿದ್ದ ಹಸಿರು ಚೀಲ ಅದು; ವಧೂವರರ ಹೆಸರು ಅರ್ಧ ಅಳಿಸಿದೆ. ತರಕಾರಿಗೆ ಹೋಗಲಿ, ದೇವಸ್ಥಾನಕ್ಕೆ ಹೋಗಲಿ, ಆ ಚೀಲವಿಲ್ಲದೆ ಅವರು ಹೊರಗೆ ಕಾಲಿಡುವುದಿಲ್ಲ. ಟ್ರ್ಯಾಕ್ಟರ್ ಏರುವಾಗಲೂ ಅದು ಅವರ ಮೊಣಕೈಯಲ್ಲಿ ತೂಗುತ್ತಿತ್ತು. ಮುಖ್ಯ ರಸ್ತೆಯಲ್ಲಿ ಇಳಿದು ಆಟೋ ಹಿಡಿಯಬೇಕಾದಾಗ ನನ್ನ ಫೋನು ಸತ್ತಿತ್ತು, ಗಂಡನ ಫೋನಿನಲ್ಲಿ ನೆಟ್‌ವರ್ಕ್ ಇರಲಿಲ್ಲ. ಮೊಬೈಲಿನಿಂದಲೇ ದುಡ್ಡು ಕೊಟ್ಟು ಅಭ್ಯಾಸವಾಗಿದ್ದ ನಮ್ಮಿಬ್ಬರ ಜೇಬಿನಲ್ಲಿ ಸೇರಿ ಇಪ್ಪತ್ತು ರೂಪಾಯಿ. ಅತ್ತೆ ಆ ಚೀಲದೊಳಗಿನ ಸಣ್ಣ ಪರ್ಸಿನಿಂದ ನಾಲ್ಕಾಗಿ ಮಡಿಸಿದ ನೂರರ ನೋಟುಗಳನ್ನು ತೆಗೆದರು. ಮಗಳು ಹಸಿವೆಂದಾಗ ಅದರಿಂದಲೇ ಕಲ್ಲುಸಕ್ಕರೆ ಬಂತು. ಸಕ್ಕರೆಯ ಅಂಶ ಇಳಿದುಹೋದರೆ ಇರಲಿ ಎಂದು ಅವರು ಅದನ್ನು ಸದಾ ಇಟ್ಟುಕೊಳ್ಳುತ್ತಾರೆ. ಪಿನ್ನಿನ ಗೊಂಚಲು, ಒಂದು ತೆಳ್ಳನೆಯ ಟವೆಲು, ಮಡಿಸಿದ ಎರಡು ಪ್ಲಾಸ್ಟಿಕ್ ಕವರು, ಸಣ್ಣ ಬಾಚಣಿಗೆ, ವಿಭೂತಿ. ಮತ್ತು ತೀರಾ ಕೆಳಗೆ, ಮಡಿಕೆಯಲ್ಲಿ ಹರಿಯುವಂತಾಗಿದ್ದ ವೈದ್ಯರ ಚೀಟಿ. ಅದನ್ನು ತೋರಿಸಿಯೇ ಜಯನಗರದ ಔಷಧಿ ಅಂಗಡಿಯಲ್ಲಿ ಮಧ್ಯಾಹ್ನದೊಳಗೆ ಇನ್ಸುಲಿನ್ ಕೊಂಡೆವು. ಎಪ್ಪತ್ತೆರಡು ವರ್ಷದ ಆ ಹೆಂಗಸು ಯಾವ ಪಟ್ಟಿಯನ್ನೂ ಓದಿದವರಲ್ಲ. ಅವರು ತಮ್ಮ ಮೈಯ ತೊಂದರೆಗಳನ್ನು ಚೆನ್ನಾಗಿ ಬಲ್ಲರು, ಅಷ್ಟೆ.

ಆ ವಾರದ ಇನ್ನೊಂದು ಸಂಗತಿ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತಿದೆ. ನಮ್ಮ ಬಡಾವಣೆ ಮುಳುಗಿದ್ದಾಗಲೇ ಜಯನಗರದ ನಲ್ಲಿಯಲ್ಲಿ ನೀರು ನಿಂತಿತು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರನ್ನು ಬೆಂಗಳೂರಿಗೆ ಎತ್ತುವ ಪಂಪ್‌ಮನೆಗೇ ನೆರೆಯ ನೀರು ನುಗ್ಗಿತ್ತು. ನೆರೆ ತಾಗದ ಬೀದಿಗಳಲ್ಲಿಯೂ ಜನ ಬಿಂದಿಗೆ ಹಿಡಿದು ಟ್ಯಾಂಕರಿಗೆ ಕಾದರು. ಹೊರಡುವ ಸಿದ್ಧತೆ ಮಾತ್ರ ಸಾಲದು, ಚಿಕ್ಕಮ್ಮನ ಅಟ್ಟದ ಬುದ್ಧಿಯೂ ಬೇಕು ಎಂದು ನನಗೆ ಅನ್ನಿಸಿದ್ದು ಆಗ.

ಹದಿನಾಲ್ಕು ಕಿಲೋ

ಮನೆಗೆ ಹಿಂದಿರುಗಿ ಕೆಸರು ತೊಳೆದ ಮೇಲೆ, ನಾನು ಕಟ್ಟಿದ ಮೊದಲ ತುರ್ತು ಬ್ಯಾಗು ಹದಿನಾಲ್ಕು ಕಿಲೋ ತೂಗುತ್ತಿತ್ತು. ಅಂತರ್ಜಾಲದ ಪಟ್ಟಿಗಳನ್ನು ನೋಡಿ ಕಟ್ಟಿದ್ದು. ಬೆಂಕಿ ಹೊತ್ತಿಸುವ ಕಡ್ಡಿ, ನೈಲಾನ್ ಹಗ್ಗ, ಬೆಳ್ಳಿಯ ಹಾಳೆಯಂಥ ಹೊದಿಕೆ, ಹತ್ತು ಉಪಕರಣಗಳು ಮಡಚಿಕೊಳ್ಳುವ ಒಂದು ಚಾಕು. ಬೆಳ್ಳಂದೂರಿನಲ್ಲಿ ನಾನು ಯಾವ ಕಾಡಿನಲ್ಲಿ ಬೆಂಕಿ ಹೊತ್ತಿಸಬೇಕಿತ್ತೋ ತಿಳಿಯದು. ಆ ಪಟ್ಟಿಗಳು ಒಂಟಿಯಾಗಿ ಅರಣ್ಯಕ್ಕೆ ಹೋಗುವ ಗಟ್ಟಿ ಆಳುಗಳಿಗಾಗಿ ಬರೆದವು. ಮಂಡಿನೋವಿನ ಅತ್ತೆ ಮತ್ತು ನಿದ್ದೆಗಣ್ಣಿನ ಮಗುವಿನ ಜೊತೆ ಹೊರಡುವವರು ಅವುಗಳಲ್ಲಿ ಎಲ್ಲಿಯೂ ಇಲ್ಲ. ಅದನ್ನು ಹೊತ್ತು ಎರಡು ಮಹಡಿ ಹತ್ತಿ ನೋಡಿದೆ. ಒಂದು ಕೈಯಲ್ಲಿ ಮಗುವನ್ನು ಹಿಡಿದು ಎರಡನೆಯ ತಿರುವಿನಲ್ಲಿ ಗೋಡೆಗೆ ಒರಗಿದೆ. ಮೆಟ್ಟಿಲು ಹತ್ತಲಾಗದ ಬ್ಯಾಗು ಬ್ಯಾಗೇ ಅಲ್ಲ ಎಂದು ಅಂದೇ ನಿರ್ಧಾರವಾಯಿತು.

ಅತ್ಯಂತ ಭಾರವಾದದ್ದು ನೀರು. ಕುಡಿಯುವುದಕ್ಕೆಂದೇ ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ಎಂದು ಹಿಡಿದರೂ ನಾಲ್ವರಿಗೆ ಮೂರು ದಿನಕ್ಕೆ 36 ಲೀಟರ್, ಎಂದರೆ 36 ಕಿಲೋ. ಅದನ್ನು ಹೊರುವ ಪ್ರಶ್ನೆಯೇ ಇಲ್ಲ. ಹಾಗಾಗಿ ನೀರನ್ನು ಎರಡಾಗಿ ಒಡೆದೆ. ಮೂವತ್ತಾರು ಲೀಟರು ಮನೆಯಲ್ಲಿ, ಸಜ್ಜೆಯ ಮೇಲೆ, ಮುಚ್ಚಿದ ಕ್ಯಾನುಗಳಲ್ಲಿ ಇರುತ್ತದೆ. ಅದು ಉಳಿಯುವ ಸಿದ್ಧತೆ. ಬ್ಯಾಗಿನಲ್ಲಿ ಒಬ್ಬರಿಗೊಂದು ಲೀಟರ್ ಬಾಟಲಿ ಮತ್ತು ನೀರು ಶುದ್ಧಿ ಮಾಡುವ ಕ್ಲೋರಿನ್ ಮಾತ್ರೆಗಳು. ಅದು ಹೊರಡುವ ಸಿದ್ಧತೆ. ಆಹಾರಕ್ಕೂ ಇದೇ ಲೆಕ್ಕ. ಒಲೆಯಿಲ್ಲದೆ, ಪಾತ್ರೆಯಿಲ್ಲದೆ ತಿನ್ನಲು ಆಗುವುದು ಮಾತ್ರ ಬ್ಯಾಗಿಗೆ. ನಾನು ಕೊಂಡಿದ್ದ ವಿದೇಶಿ ಮಾದರಿಯ ಶಕ್ತಿವರ್ಧಕ ಬಾರುಗಳನ್ನು ಅತ್ತೆ ಒಂದನ್ನು ಮುರಿದು ಬಾಯಿಗಿಟ್ಟು, ಏನೂ ಹೇಳದೆ ಉಳಿದದ್ದನ್ನು ತಟ್ಟೆಯಲ್ಲಿಟ್ಟರು. ಆ ಜಾಗಕ್ಕೆ ಈಗ ತೆಳು ಅವಲಕ್ಕಿ, ಹುರಿಗಡಲೆ, ಬೆಲ್ಲ ಬಂದಿವೆ. ಅವಲಕ್ಕಿ ಮಳೆಗಾಲದಲ್ಲಿ ಬೇಗ ತೇವ ಹಿಡಿದು ಮುಗ್ಗಲು ಬರುವುದರಿಂದ ಗಾಳಿಯಾಡದ ಡಬ್ಬಿ ಬೇಕು, ಮತ್ತು ದೀಪಾವಳಿಗೆ ಒಮ್ಮೆ ಬದಲಿಸಬೇಕು.

ಔಷಧಿಯ ವಿಷಯದಲ್ಲಿ ನಾನು ಮಾಡಿದ ತಪ್ಪುಗಳೆರಡು. ಒಂದು, ಒಆರ್‌ಎಸ್ ಪೊಟ್ಟಣದ್ದು. ಅಂಗಡಿಯಲ್ಲಿ ಒಂದು ಲೀಟರಿಗೆ ಕರಗಿಸುವ 20 ಗ್ರಾಮಿನ ಆಸುಪಾಸಿನ ದೊಡ್ಡ ಪೊಟ್ಟಣವೂ ಇದೆ, ಒಂದು ಲೋಟಕ್ಕೆ ಕರಗಿಸುವ ಸಣ್ಣದೂ ಇದೆ. ಯಾವುದೆಂದು ನೋಡದೆ ತಂದಿದ್ದೆ. ದೊಡ್ಡದನ್ನು ಲೋಟದ ನೀರಿಗೆ ಸುರಿದರೆ ವಾಂತಿಭೇದಿಯಾದ ಮಗುವಿಗೆ ಅದು ಅಪಾಯ. ಪೊಟ್ಟಣವೇ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಸಮಚಮಚ ಉಪ್ಪು ಎಂಬುದನ್ನು ಈಗ ಡಬ್ಬಿಯ ಮುಚ್ಚಳದ ಒಳಗೇ ಬರೆದಿಟ್ಟಿದ್ದೇನೆ. ಚಮಚ ಎಂದರೆ ಟೀ ಚಮಚ. ಎರಡನೆಯದು ಇನ್ಸುಲಿನ್. ಅದನ್ನು ಬ್ಯಾಗಿನಲ್ಲಿ ವರ್ಷಗಟ್ಟಲೆ ಇಡಲಾಗದು. ತೆರೆಯದ ಸೀಸೆಗೆ 2ರಿಂದ 8 ಡಿಗ್ರಿಯ ತಂಪು ಬೇಕು. ಬಳಸಲು ತೆರೆದದ್ದು ಹೆಚ್ಚಿನ ಬಗೆಗಳಲ್ಲಿ ಸುಮಾರು ನಾಲ್ಕು ವಾರ ಹೊರಗೆ ತಡೆಯುತ್ತದೆ, ಬಿಸಿಲು ತಾಗಬಾರದು. ಇನ್ನೂ ಹೆಚ್ಚು ತಂಪಾಗಲಿ ಎಂದು ಮಂಜುಗಡ್ಡೆಗೆ ತಾಗಿಸಿಟ್ಟು ಅದು ಹೆಪ್ಪುಗಟ್ಟಿದರೆ ಎಸೆಯಬೇಕಾಗುತ್ತದೆ. ಆದ್ದರಿಂದ ನಮ್ಮ ಬ್ಯಾಗಿನ ಮೇಲಿನ ಜೇಬಿನಲ್ಲಿ ಇರುವುದು ಇನ್ಸುಲಿನ್ ಅಲ್ಲ, ಖಾಲಿಯಾದ ಒಂದು ಪುಟ್ಟ ಫ್ಲಾಸ್ಕು. ಅದರ ಕುತ್ತಿಗೆಗೆ ಕೆಂಪು ದಾರದಲ್ಲಿ ಕಟ್ಟಿದ ಚೀಟಿಯಲ್ಲಿ "ಫ್ರಿಜ್ಜಿನ ಬಾಗಿಲು, ಎರಡನೇ ಸಾಲು" ಎಂದು ಬರೆದಿದೆ. ಬ್ಯಾಗು ಎತ್ತಿದವರ ಕಣ್ಣಿಗೆ ಆ ಚೀಟಿ ಬೀಳಲೇಬೇಕು.

ಕಾಗದಪತ್ರಗಳಲ್ಲಿ ಚಿಕ್ಕಪ್ಪನ ಅನುಭವ ನನಗೆ ದಾರಿ ತೋರಿಸಿತು. ಪಹಣಿ ಹೋದರೆ ಚಿಂತೆಯಿಲ್ಲ, ಅದು ಭೂಮಿ ತಂತ್ರಾಂಶದಲ್ಲಿದೆ, ನಾಡಕಚೇರಿಯಲ್ಲಿ ಮತ್ತೆ ಸಿಗುತ್ತದೆ. ಆಧಾರ್, ಪಾನ್, ಚಾಲನಾ ಪರವಾನಗಿ ಡಿಜಿಲಾಕರಿನಲ್ಲಿವೆ. ಅವರು ತಿಂಗಳುಗಟ್ಟಲೆ ಕಚೇರಿಗಳಿಗೆ ಅಲೆದದ್ದು ಅಜ್ಜನ ಕಾಲದ ಸಾಗುವಳಿ ಚೀಟಿಗಾಗಿ ಮತ್ತು ಹಳೆಯ ಪಾಲುಪಟ್ಟಿಗಾಗಿ. ಕಂಪ್ಯೂಟರ್ ಬರುವ ಮೊದಲಿನ ಕಾಗದವೇ ಕಾಗದ ಎಂಬುದು ನನ್ನ ಈಗಿನ ತತ್ವ. ಅವನ್ನು ಮೂಲಪ್ರತಿಯಾಗಿ ಬ್ಯಾಗಿನಲ್ಲಿಡುವ ಧೈರ್ಯವೂ ನನಗಿಲ್ಲ. ನೆರಳಚ್ಚು ಬ್ಯಾಗಿನಲ್ಲಿ, ಚಿತ್ರ ನಾದಿನಿಯ ಫೋನಿನಲ್ಲಿ, ಮೂಲಪ್ರತಿ ಬ್ಯಾಂಕಿನ ಲಾಕರಿನಲ್ಲಿ.

ದಿನದ ಚೀಲ

2022ರ ಆ ರಾತ್ರಿ ಭಾನುವಾರವಾಗಿತ್ತು ಎಂಬುದನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಮರುದಿನ ಸೋಮವಾರ ಮಧ್ಯಾಹ್ನ ಅದೇ ನೀರು ಬಂದಿದ್ದರೆ ಗಂಡ ವೈಟ್‌ಫೀಲ್ಡಿನಲ್ಲಿ, ಮಗಳು ಶಾಲೆಯಲ್ಲಿ, ನಾನು ಕೋರಮಂಗಲದ ಕಚೇರಿಯಲ್ಲಿ, ಅತ್ತೆಯೊಬ್ಬರೇ ಮನೆಯಲ್ಲಿ. ಕಪಾಟಿನ ನೀಲಿ ಬ್ಯಾಗು ಯಾರಿಗೂ ದಕ್ಕುತ್ತಿರಲಿಲ್ಲ. ಬೆಂಗಳೂರಿನ ಕುಟುಂಬವೊಂದು ಹಗಲು ಹೊತ್ತಿನಲ್ಲಿ ಒಂದೇ ಸೂರಿನಡಿ ಇರುವುದು ಅಪರೂಪ. ಹೀಗಾಗಿ ದೊಡ್ಡ ಬ್ಯಾಗಿಗಿಂತ, ಪ್ರತಿಯೊಬ್ಬರೂ ಹೇಗೂ ಹೊತ್ತು ತಿರುಗುವ ಚೀಲದೊಳಗೆ ಏನಿದೆ ಎನ್ನುವುದೇ ಹೆಚ್ಚು ಮುಖ್ಯ ಎಂದು ನನಗೆ ಈಗ ಅನ್ನಿಸುತ್ತದೆ. ಈ ವಿಷಯದಲ್ಲಿ ಅತ್ತೆಯ ಹಸಿರು ಚೀಲವೇ ನಮ್ಮೆಲ್ಲರಿಗೂ ಮಾದರಿ. ನಾವು ಉಳಿದ ಮೂವರೂ ನಮ್ಮ ನಮ್ಮ ಬ್ಯಾಗಿನೊಳಗೆ ಜ್ಯಾಮಿತಿ ಪೆಟ್ಟಿಗೆಯಷ್ಟು ದೊಡ್ಡದಾದ ಒಂದು ಜಿಪ್ಪಿನ ಚೀಲ ಇಟ್ಟುಕೊಂಡೆವು. ಅದರಲ್ಲಿ ಹತ್ತು, ಇಪ್ಪತ್ತು, ಐವತ್ತರ ನೋಟುಗಳಲ್ಲಿ ಐನೂರು ರೂಪಾಯಿ, ಎರಡು ದಿನದ ಮಾತ್ರೆ, ಚಿಕ್ಕ ಟಾರ್ಚು, ಒಂದು ಪ್ಲಾಸ್ಟಿಕ್ ಕವರು, ಮತ್ತು ಪೆನ್ನಿನಿಂದ ಬರೆದ ಐದು ಫೋನ್ ನಂಬರು. ನನ್ನದರಲ್ಲಿ ಸ್ಯಾನಿಟರಿ ಪ್ಯಾಡು. ಪುರುಷರು ಬರೆದ ಪಟ್ಟಿಗಳಲ್ಲಿ ಅದು ಇರುವುದೇ ಇಲ್ಲ, ಅಥವಾ ಗಾಯಕ್ಕೆ ಕಟ್ಟಲು ಒಳ್ಳೆಯದು ಎಂಬ ಕಾರಣಕ್ಕೆ ಇರುತ್ತದೆ!

ಮಗಳ ಚೀಲದಲ್ಲಿ ಒಂದು ಸೀಟಿ ಇತ್ತು. ಅದು ಮೂರನೆಯ ದಿನ ಗಣಿತದ ತರಗತಿಯಲ್ಲಿ ಮೊಳಗಿ, ಶಿಕ್ಷಕರ ಮೇಜಿನ ಖಾನೆ ಸೇರಿತು. ಅವಳಿಗೆ ನಾನು ಕಲಿಸಿದ್ದರಲ್ಲಿ ನಿಜಕ್ಕೂ ನಿಂತದ್ದು ನಂಬರುಗಳು. ನನ್ನದು, ಅಪ್ಪನದು, ಅತ್ತೆಯದು, ಆಮೇಲೆ 112. ಸ್ನಾನ ಮಾಡಿಸುವಾಗ ಮಗ್ಗಿಯಂತೆ ಹೇಳಿಸುತ್ತಿದ್ದೆ. ಚಿಕ್ಕಮ್ಮನ ಲ್ಯಾಂಡ್‌ಲೈನಿನ ಕತೆ ಹೇಳಿದ ಮೇಲೆ ಅವಳು ತಾನಾಗಿಯೇ, ನಾವು ನಂಬರ್ ಬದಲಿಸಿದರೆ ತನಗೆ ತಪ್ಪದೆ ಹೇಳಬೇಕೆಂದು ಕರಾರು ಹಾಕಿದ್ದಾಳೆ. ಜೊತೆಗೆ ಒಂದು ಜಾಗವನ್ನೂ ಗೊತ್ತು ಮಾಡಿದ್ದೇವೆ. ಮನೆಗೆ ಹೋಗಲಾಗದಿದ್ದರೆ, ಫೋನ್ ಸಿಗದಿದ್ದರೆ, ಎಲ್ಲರೂ ಜಯನಗರಕ್ಕೆ. ಯಾರೂ ಯಾರಿಗೂ ದಾರಿಯಲ್ಲಿ ಕಾಯುವುದಿಲ್ಲ. ಈ ಒಪ್ಪಂದಕ್ಕೆ ತೂಕವೂ ಇಲ್ಲ, ಬೆಲೆಯೂ ಇಲ್ಲ.

ಬಾಗಿಲ ಬಳಿಯ ಗಂಟು

ಇಷ್ಟೆಲ್ಲ ಮಾಡುವಾಗ ಮನೆಯಲ್ಲಿ ಎದ್ದ ದೊಡ್ಡ ತಕರಾರು ತೂಕದ್ದಲ್ಲ. ಬ್ಯಾಗನ್ನು ನಾನು ಮುಂಬಾಗಿಲ ಪಕ್ಕದಲ್ಲಿ ಇಟ್ಟಾಗ ಅತ್ತೆ, "ಬಾಗಿಲ ಹತ್ತಿರ ಗಂಟು ಕಟ್ಟಿಡಬಾರದಮ್ಮ, ಮನೆ ಬಿಡೋ ಮಾತು ಬಾಯಲ್ಲಿ ಬರಬಾರದು" ಎಂದರು. ನನಗೆ ಸಿಟ್ಟು ಬಂತು. ಕಣ್ಣೆದುರೇ ನೀರು ಬಂದದ್ದನ್ನು ಕಂಡವರು ಹೀಗೆನ್ನಬಹುದೇ? ಆದರೆ ಯೋಚಿಸಿದಂತೆ ಅವರ ಮಾತಿನ ಬುಡ ತಿಳಿಯಿತು. ನಮ್ಮಲ್ಲಿ ಹೊರಡಲೆಂದು ಮುಂಚಿತವಾಗಿ ಕಟ್ಟುವ ಚೀಲ ಒಂದೇ ಒಂದು ಇದೆ, ಹೆರಿಗೆಯದು. ಒಂಬತ್ತು ತುಂಬಿದಾಗ ಅಮ್ಮ ನನಗೂ ಕಟ್ಟಿದ್ದರು: ಹಳೆಯ ಹತ್ತಿ ಸೀರೆಯ ತುಂಡುಗಳು, ಫ್ಲಾಸ್ಕು, ತಪಾಸಣೆಯ ಕಡತ. ಅದರಲ್ಲೂ ಮಗುವಿಗೆ ಹೊಸ ಬಟ್ಟೆ ಇಡುವಂತಿಲ್ಲ. ಹುಟ್ಟುವ ಮೊದಲೇ ಆಸೆಪಟ್ಟಂತಾಗಬಾರದು ಎಂದು. ಅಂದರೆ ಸಿದ್ಧತೆಗೆ ವಿರೋಧವಿಲ್ಲ, ಅದನ್ನು ಬಾಯಿಬಿಟ್ಟು ಹೇಳುವುದಕ್ಕೆ ವಿರೋಧ. ನಾನು ಬ್ಯಾಗನ್ನು ಕಪಾಟಿಗೆ ಸರಿಸಿ, "ಊರಿಗೆ ಹೋಗೋ ಬ್ಯಾಗು" ಎಂದು ಹೆಸರಿಟ್ಟೆ. ಅತ್ತೆಯ ತಕರಾರು ಅಲ್ಲಿಗೆ ಮುಗಿಯಿತು.

2023ರ ಅಕ್ಟೋಬರಿನಲ್ಲಿ ರಾಜ್ಯದಲ್ಲಿ ಮೊಬೈಲುಗಳಿಗೆ ತುರ್ತು ಎಚ್ಚರಿಕೆಯ ಪರೀಕ್ಷಾ ಸಂದೇಶ ಕಳಿಸಿದ್ದರಲ್ಲ, ಎಲ್ಲರ ಫೋನೂ ಒಟ್ಟಿಗೆ ಕಿರುಚಿಕೊಂಡ ದಿನ. ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಸಂದೇಶ ಓದಿ, ಪರೀಕ್ಷೆ ಎಂದು ತಿಳಿದು ಈಚೆ ಬಂದರೆ, ಅತ್ತೆ ಚಪ್ಪಲಿ ಹಾಕಿಕೊಂಡು, ಹಸಿರು ಚೀಲ ತೋಳಿಗೇರಿಸಿ, ನೀಲಿ ಬ್ಯಾಗನ್ನು ಕಪಾಟಿನಿಂದ ಎಳೆದು ಹಜಾರದ ನಡುವೆ ತಂದಿಟ್ಟುಕೊಂಡು ನಿಂತಿದ್ದರು. ಇನ್ನೊಂದು ಕೈಯಲ್ಲಿ ಫ್ರಿಜ್ಜಿನಿಂದ ತೆಗೆದ ಇನ್ಸುಲಿನ್. "ಯಾವ ಕಡೆ?" ಎಂದರು. ಆಮೇಲೆ ಬ್ಯಾಗು ಬಿಚ್ಚಿದಾಗ ನಾನಿಡದ ಒಂದು ಕುಂಕುಮದ ಭರಣಿ ಮತ್ತು ಚಟ್ನಿಪುಡಿಯ ಪೊಟ್ಟಣ ಅದರಲ್ಲಿ ಸಿಕ್ಕವು. ಅವು ಯಾವಾಗ ಸೇರಿದವು ಎಂದು ನಾನು ಕೇಳಲಿಲ್ಲ.

ಹೋದ ತಿಂಗಳು ಚಿಕ್ಕಮ್ಮನನ್ನು ನೋಡಲು ಹೋಗಿದ್ದೆ. ಈಗ ಅವರಿರುವುದು ಬಣಕಲ್ ಹತ್ತಿರ, ಸಮತಟ್ಟಾದ ಜಾಗದಲ್ಲಿ. ಅಟ್ಟ ಎಂದಿನಂತೆ ತುಂಬಿದೆ. ಬಾಗಿಲ ಹಿಂದಿನ ಮೊಳೆಗೆ ಗೊಬ್ಬರದ ಚೀಲ ಕತ್ತರಿಸಿ ಹೊಲಿದ ಒಂದು ಕೈಚೀಲ ತೂಗುತ್ತಿತ್ತು. ಕೇಳದೆಯೇ ಇಳಿಸಿ ತೋರಿಸಿದರು. ಒಂದು ನೋಟ್‌ಪುಸ್ತಕದ ರಟ್ಟಿನ ಮೇಲೆ ಮುಗಿದುಹೋದ ಮಾತ್ರೆಗಳ ಖಾಲಿ ಹಾಳೆಗಳನ್ನು, ಹೆಸರು ಕಾಣುವಂತೆ, ಅನ್ನದ ಅಗುಳಿನಲ್ಲಿ ಅಂಟಿಸಿದ್ದರು. ಪಕ್ಕದಲ್ಲಿ ಸೂರ್ಯನ ಚಿತ್ರ ಬರೆದದ್ದು ಬೆಳಿಗ್ಗೆಯದು, ಚಂದ್ರನದು ರಾತ್ರಿಯದು. ಅದರ ಕೆಳಗೆ ನನ್ನ ಮೊಬೈಲು ನಂಬರು, ದೊಡ್ಡ ಅಂಕಿಗಳಲ್ಲಿ. ನಾನು ಮೆಚ್ಚಿ, ಎಲ್ಲವೂ ಇದೆಯಲ್ಲ ಚಿಕ್ಕಮ್ಮ ಎಂದೆ. "ಎಲ್ಲ ಎಲ್ಲಿ ಬಂತು, ಬಾ ಇಲ್ಲಿ" ಎಂದು ಕೊಟ್ಟಿಗೆಗೆ ಕರೆದುಕೊಂಡು ಹೋದರು.

ಗುಡ್ಡ ಜಾರಿದ ಆ ಸಂಜೆ ದನಗಳ ಕೊರಳ ಹಗ್ಗ ನೆನೆದು ಉಬ್ಬಿತ್ತಂತೆ. ನೆನೆದ ಹಗ್ಗದ ಗಂಟು ಯಾರ ಉಗುರಿಗೂ ಬಿಚ್ಚಿಕೊಳ್ಳುವುದಿಲ್ಲ. ಚಿಕ್ಕಪ್ಪ ಎರಡು ದನಗಳನ್ನು ಹೇಗೋ ಬಿಡಿಸಿ, ಮೂರನೆಯದಕ್ಕಾಗಿ ಕತ್ತಿ ತರಲು ಮತ್ತೆ ಅಡುಗೆಮನೆಗೆ, ಅಂದರೆ ಆಮೇಲೆ ಮಣ್ಣು ಬಂದು ಕೂತ ಹಿಂಬದಿಗೇ ಹೋಗಿದ್ದರು. ಆ ವಿಷಯವನ್ನು ಅವರಿಬ್ಬರೂ ಏಳು ವರ್ಷ ನಮಗೆ ಯಾರಿಗೂ ಹೇಳಿರಲಿಲ್ಲ. ಈಗ ಕೊಟ್ಟಿಗೆಯ ಮೊದಲ ಕಂಬಕ್ಕೆ, ಆಳೆತ್ತರದಲ್ಲಿ, ಎಣ್ಣೆ ಸವರಿದ ಒಂದು ಪುಟ್ಟ ಕತ್ತಿಯನ್ನು ಸಿಕ್ಕಿಸಿದ್ದಾರೆ. ಬೇರೆ ಯಾವ ಕೆಲಸಕ್ಕೂ ಅದನ್ನು ಮುಟ್ಟುವಂತಿಲ್ಲ ಎಂದು ಆಳುಗಳಿಗೆ ತಾಕೀತು. ಹುಲ್ಲಿನ ಹೊರೆ ಬಿಚ್ಚಲು ಚಿಕ್ಕಪ್ಪ ಆ ಕಡೆ ಕೈ ಚಾಚಿದ್ದು ಕಂಡು ಚಿಕ್ಕಮ್ಮ ನನ್ನೆದುರೇ ಅವರನ್ನು ಗದರಿದರು.